ಯಾವ ಹೊಸಹಳ್ಳಿ? ಲಿನಕ್ಸ್ ಕರ್ನಲ್ ಎಚ್ಚರಿಕೆಯೊಳಗಿನ ಫೈಲ್ ವಿಳಾಸದ ಕತೆ

2010ರ ಮಳೆಗಾಲ. ಹಾಸನದ ಬಿ.ಎಂ. ರಸ್ತೆಯಲ್ಲಿ ನನ್ನ ಗೆಳೆಯನದೊಂದು ಬ್ರೌಸಿಂಗ್ ಸೆಂಟರ್ ಇತ್ತು. ಸರ್ವರ್ ಅಂದರೆ ಒಂದು ಹಳೇ ಪಿಸಿ, ಅದರಲ್ಲಿ ಲಿನಕ್ಸ್. ಕರೆಂಟ್ ಹೋಗಿ ಬಂದಾಗಲೆಲ್ಲ ನೆಟ್‌ವರ್ಕ್ ಮಲಗಿಬಿಡುತ್ತಿತ್ತು. ಒಂದು ಸಂಜೆ ಫೋನ್ ಮಾಡಿ ಪರದೆಯ ಮೇಲಿದ್ದದ್ದನ್ನು ಓದತೊಡಗಿದ. ‘ವಾರ್ನಿಂಗ್ ಅಟ್... ಸ್ಲ್ಯಾಶ್ ಬಿಲ್ಡ್... ಸ್ಲ್ಯಾಶ್ ಬಿಲ್ಡ್‌ಡಿ... ಸ್ಲ್ಯಾಶ್ ಲಿನಕ್ಸ್ 2.6.32...’ ಅಷ್ಟರಲ್ಲಿ ಅವನ ಕರೆನ್ಸಿ ಮುಗಿದು ಲೈನ್ ಕಟ್ಟಾಯಿತು.

ಬೈಕ್ ಹತ್ತಿ ಹೋದೆ. ನನಗೆ ಬೇಕಿದ್ದದ್ದು ಅವನು ಓದದೆ ಬಿಟ್ಟ ಬಾಲ: ‘ನೆಟ್/ಶೆಡ್/ಎಸ್‌ಸಿಎಚ್_ಜೆನೆರಿಕ್.ಸಿ:261’. ಲಿನಕ್ಸ್ ಬಳಸುವವರಿಗೆ ಇದು ಹಳೇ ಪರಿಚಯ. ನೆಟ್‌ವರ್ಕ್ ಕಾರ್ಡಿಗೆ ಕಳಿಸಲು ಕೊಟ್ಟ ಡೇಟಾ ಹೊತ್ತಾದರೂ ಹೊರಗೆ ಹೋಗಲಿಲ್ಲ ಅಂತ ಕರ್ನಲ್ (ಲಿನಕ್ಸ್‌ನ ತಿರುಳು) ಕೂಗುವ ಜಾಗ ಅದು. ಗೆಳೆಯ ಮಾತ್ರ ನಾನು ಬರುವಷ್ಟರಲ್ಲಿ ಇಡೀ ಡಿಸ್ಕ್ ಜಾಲಾಡಿದ್ದ. ‘ಈ ಬಿಲ್ಡ್‌ಡಿ ಅನ್ನೋ ಫೋಲ್ಡರೇ ನನ್ನ ಹತ್ರ ಇಲ್ವಲ್ಲೋ!’ ಅಂದ.

ಇರಲು ಸಾಧ್ಯವೇ ಇರಲಿಲ್ಲ. ಅದು ಕರ್ನಲ್ ತಯಾರಾದ ಯಾವುದೋ ದೂರದ ಯಂತ್ರದ ಫೋಲ್ಡರ್. ಅದರ ಹೆಸರು ಹಾಸನಕ್ಕೆ ಬಂದದ್ದು ಹೇಗೆ?

ಕರ್ನಲ್ ಕೋಡ್ ಬರೆಯುವವರು ‘ಇಲ್ಲಿ ಹೀಗಾಗಬಾರದು’ ಅನ್ನಿಸಿದ ಕಡೆ ಒಂದು ‘ವಾರ್ನ್_ಆನ್’ ಇಟ್ಟಿರುತ್ತಾರೆ. ಅದರೊಳಗೆ ‘ಫೈಲ್’ ಎಂಬ ಮ್ಯಾಕ್ರೋ ಇದೆ. ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಅದನ್ನು ತೆಗೆದು ಆ ಜಾಗದಲ್ಲಿ ಫೈಲಿನ ಹೆಸರನ್ನು ಬರೆಯುತ್ತದೆ. ಯಾವ ಹೆಸರು? ಕಂಪೈಲರಿಗೆ ಯಾವ ಹೆಸರು ಹೇಳಿ ಕೊಟ್ಟರೋ ಅದೇ ಹೆಸರು. ಸ್ವಂತ ಬುದ್ಧಿ ಓಡಿಸುವುದಿಲ್ಲ. ಎಲ್ಲ ತರಲೆಯ ಮೂಲ ಇದೇ.

ಹಾಸನ ಬಸ್ ಸ್ಟ್ಯಾಂಡಲ್ಲಿ ನಿಂತು ‘ಹೊಸಹಳ್ಳಿ ಬಸ್ ಎಷ್ಟೊತ್ತಿಗೆ?’ ಅಂತ ಕೇಳಿ ನೋಡಿ. ‘ಯಾವ ಹೊಸಹಳ್ಳಿ?’ ಅನ್ನುತ್ತಾರೆ. ಜಿಲ್ಲೆಯಲ್ಲಿ ಹೊಸಹಳ್ಳಿ ಒಂದಾ, ಎರಡಾ? 2001ರಲ್ಲಿ ಬಂದ 2.4 ಕರ್ನಲ್‌ನದೂ ಇದೇ ಪಾಡು. ಆಗ ಕರ್ನಲ್ ಕಟ್ಟುವ ಕೆಲಸ ನಡೆಸುವ ಮೇಕ್ ಪ್ರೋಗ್ರಾಂ ಒಂದೊಂದೇ ಫೋಲ್ಡರಿನ ಒಳಹೊಕ್ಕು ಅಲ್ಲಿಂದಲೇ ಕಂಪೈಲರನ್ನು ಕರೆಯುತ್ತಿತ್ತು. ಹಾಗಾಗಿ ಸಂದೇಶದಲ್ಲಿ ಬರುತ್ತಿದ್ದದ್ದು ಬರೀ ‘ಐನೋಡ್.ಸಿ’. ಫೈಲ್ ಸಿಸ್ಟಂಗಳಲ್ಲೇ ಇಎಕ್ಸ್‌ಟಿ2ಗೆ ಒಂದು ಐನೋಡ್.ಸಿ, ಪ್ರೊಕ್‌ಗೆ ಒಂದು, ಎನ್‌ಎಫ್‌ಎಸ್‌ಗೆ ಇನ್ನೊಂದು. ಯಾವುದು ಅಂತ ಹುಡುಕೋದು?

2.5ರ ಕೆಲಸ ನಡೆಯುತ್ತಿದ್ದಾಗ, 2002ರ ಹೊತ್ತಿಗೆ, ಇದನ್ನು ಸರಿಮಾಡಿದರು. ಮೇಕ್ ಇನ್ನು ಕರ್ನಲ್ ಕೋಡ್‌ನ ಎಲ್ಲಕ್ಕಿಂತ ಮೇಲಿನ ಫೋಲ್ಡರ್ ಬಿಟ್ಟು ಕದಲುವುದಿಲ್ಲ, ಅಲ್ಲೇ ಕೂತು ‘ಎಫ್‌ಎಸ್/ಎನ್‌ಎಫ್‌ಎಸ್/ಐನೋಡ್.ಸಿ’ ಅಂತ ಪೂರ್ತಿ ಹೇಳುತ್ತದೆ. ತಾಲ್ಲೂಕು ಸೇರಿಸಿ ಹೇಳಿದ ಹಾಗಾಯಿತು. ಹದವಾದ ವಿಳಾಸ.

ಆದರೆ ಅದರ ಬೆನ್ನಿಗೇ ಇನ್ನೊಂದು ಅನುಕೂಲ ಬಂತು. ಸೋರ್ಸ್ (ಬರೆದ ಮೂಲ ಕೋಡ್) ಒಂದು ಕಡೆ, ತಯಾರಾದ ಫೈಲ್‌ಗಳು ಇನ್ನೊಂದು ಕಡೆ. ಒಂದೇ ಸೋರ್ಸ್‌ನಿಂದ ಹಲವು ಬಗೆಯ ಕರ್ನಲ್ ಮಾಡುವವರಿಗೆ ಇದಿಲ್ಲದೆ ಆಗದು. ಹಾಗೆ ಮಾಡಿದಾಗ ಮೇಕ್ ಕೂರುವುದು ತಯಾರಿ ಫೋಲ್ಡರಿನಲ್ಲಿ. ಅಲ್ಲಿಂದ ಸೋರ್ಸ್ ಎಲ್ಲಿದೆ ಎಂದು ಹೇಳಲು ಡಿಸ್ಕಿನ ಬೇರಿನಿಂದ ಶುರುವಾಗುವ ಪೂರ್ತಿ ದಾರಿ ಕೊಡುತ್ತಿತ್ತು. ಗೆಳೆಯನ ಪರದೆಗೆ ಬಿಲ್ಡ್‌ಡಿ ಬಂದದ್ದು ಹೀಗೆ. ನೀವು ನಿಮ್ಮ ಹೋಮ್ ಫೋಲ್ಡರಿನಿಂದ ಕರ್ನಲ್ ಕಟ್ಟಿ ಹಂಚಿದ್ದರೆ, ನಿಮ್ಮ ಯೂಸರ್ ಹೆಸರು ಅದರಲ್ಲಿ ಸಾವಿರಾರು ಸಲ ಅಚ್ಚಾಗಿ ಊರೂರು ಸುತ್ತುತ್ತಿತ್ತು!

ಕರ್ನಲ್ ಒಳಗಿನವರಿಗೂ ಇದು ಕಿರಿಕಿರಿಯೇ. 2012ರ ಸುಮಾರಿಗೆ ತಪ್ಪು ಹುಡುಕಲು ನೆರವಾಗುವ ಸಂದೇಶಗಳನ್ನು ಬೇಕೆಂದಾಗ ತೋರಿಸುವ ಡೈನಾಮಿಕ್ ಡೀಬಗ್ ಎಂಬ ಭಾಗಕ್ಕೆ ಸೇರಿದ ಒಂದು ಉಪಾಯ ನನಗೆ ಈಗಲೂ ಇಷ್ಟ. ತನ್ನ ಸರಿಯಾದ ವಿಳಾಸ ‘ಲಿಬ್/ಡೈನಾಮಿಕ್_ಡೀಬಗ್.ಸಿ’ ಅಂತ ಆ ಕೋಡಿಗೆ ಗೊತ್ತು. ಇಂಗ್ಲಿಷಲ್ಲಿ ಬರೆದರೆ 19 ಅಕ್ಷರ. ಕಂಪೈಲರ್ ಕೊಟ್ಟ ಹೆಸರು 46 ಅಕ್ಷರ ಇದೆ ಅನ್ನಿ. ಹೆಚ್ಚಿಗೆ ಬಂದ 27 ಅಕ್ಷರವೆಲ್ಲ ಯಾರದೋ ಯಂತ್ರದ ವಿಳಾಸ. (ಗೆಳೆಯ ಫೋನಿನಲ್ಲಿ ಓದಿದ ಆ ಮುಂಭಾಗ ಸರಿಯಾಗಿ 27 ಅಕ್ಷರ, ಎಣಿಸಿದ್ದೇನೆ.) ಬೇರೆ ಫೈಲಿನ ಹೆಸರೂ ಅದೇ 27ರಿಂದ ಶುರುವಾದರೆ ಅಷ್ಟನ್ನು ಬಿಟ್ಟು ಉಳಿದದ್ದನ್ನು ತೋರಿಸು, ಇಲ್ಲದಿದ್ದರೆ ಮುಟ್ಟಬೇಡ. ತನ್ನ ಹೆಸರನ್ನೇ ಅಳತೆಗೋಲು ಮಾಡಿಕೊಂಡ ಜಾಣತನ, ಅಲ್ವಾ? ಆದರೆ ಇದರ ಪ್ರಯೋಜನ ಆ ಒಂದು ಭಾಗಕ್ಕೆ ಮಾತ್ರ. ವಾರ್ನಿಂಗ್‌ಗಳು ಹಾಗೇ ಉಳಿದವು.

2014ರಲ್ಲಿ ಕರ್ನಲ್ ಡೆವಲಪರ್ ಮಿಖಾಲ್ ಮಾರೆಕ್ ಅರ್ಧ ದಾರಿ ಸವೆಸಿದರು. ತಯಾರಿ ಫೋಲ್ಡರ್ ಸೋರ್ಸ್ ಒಳಗೇ ಇದ್ದರೆ ಪೂರ್ತಿ ದಾರಿಯ ಬದಲು ಎರಡು ಚುಕ್ಕೆ (‘ಒಂದು ಮೆಟ್ಟಿಲು ಮೇಲಿನ ಫೋಲ್ಡರ್’ ಅಂತ ಅರ್ಥ) ಸಾಕು. ಹೊರಗಿದ್ದರೆ ಮತ್ತೆ ಹಳೇ ರಾಗ.

ಪೂರ್ತಿ ಪರಿಹಾರ ಸಿಕ್ಕಿದ್ದು ಕರ್ನಲ್‌ನಲ್ಲಿ ಅಲ್ಲ, ಕಂಪೈಲರಿನಲ್ಲಿ. 2018ರ ಮೇನಲ್ಲಿ ಬಂದ ಜಿಸಿಸಿ 8ರಲ್ಲಿ ‘ಮ್ಯಾಕ್ರೋ ಪ್ರಿಫಿಕ್ಸ್ ಮ್ಯಾಪ್’ ಎಂಬ ಆಯ್ಕೆ ಇತ್ತು. ಹೆಸರು ಈ ಮುಂಭಾಗದಿಂದ ಶುರುವಾದರೆ ಅದರ ಬದಲು ಇದನ್ನು ಬರಿ, ಅಷ್ಟೇ ಅದರ ಕೆಲಸ. ಕರ್ನಲ್ ತಯಾರಿ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಮಸಾಹಿರೊ ಯಮದಾ ಇದನ್ನು ಕೂಡಲೇ ಹಿಡಿದರು. ಸೋರ್ಸ್ ಫೋಲ್ಡರಿನ ಹೆಸರಿನ ಜಾಗದಲ್ಲಿ ಖಾಲಿ ಬರಿ ಎಂದರು. ಅದು ಅದೇ ವರ್ಷ ಜೂನ್‌ನ 4.17 ಕರ್ನಲ್‌ನಲ್ಲಿ ಬಂತು. ಕಂಪೈಲರ್ ಹಳೆಯದಾದರೆ ತಯಾರಿ ವ್ಯವಸ್ಥೆ ಆ ಆಯ್ಕೆಯನ್ನು ಸುಮ್ನೆ ಬಿಟ್ಟುಬಿಡುತ್ತದೆ, ಗಲಾಟೆ ಇಲ್ಲ.

ಇದರಿಂದ ಓದುವವರ ಕಣ್ಣಿಗಷ್ಟೇ ಅಲ್ಲ, ಇನ್ನೊಂದು ಲಾಭವೂ ಆಯಿತು. ಫೋಲ್ಡರಿನ ಹೆಸರು ಕರ್ನಲ್ ಒಳಗೆ ಸೇರಿದರೆ, ಒಂದೇ ಸೋರ್ಸ್‌ನಿಂದ ಇಬ್ಬರು ಕಟ್ಟಿದ ಕರ್ನಲ್ ಎರಡು ಬಗೆ ಆಗುತ್ತದೆ. ಆಮೇಲೆ ನಡುವೆ ಯಾರಾದರೂ ಕೈಯಾಡಿಸಿದ್ದಾರಾ ಎಂದು ತಾಳೆ ನೋಡುವುದು ಕಷ್ಟ. ಆ ತೊಡಕುಗಳಲ್ಲಿ ಒಂದು ಇದರಿಂದ ಹೋಯಿತು.

2025ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಲು ನೋಡಿದರು. ಮ್ಯಾಕ್ರೋ ಮಾತ್ರ ಯಾಕೆ, ಡೀಬಗ್ ಮಾಹಿತಿಯಲ್ಲೂ ಪೂರ್ತಿ ದಾರಿ ಬೇಡ ಎಂದು. ಆಗ ಕೋಡಿನ ತಪ್ಪು ಹುಡುಕಲು ಬಳಸುವ ಡೀಬಗರ್‌ಗಳಿಗೆ ಸೋರ್ಸ್ ಫೈಲೇ ಸಿಗದಂತಾಯಿತು. ಮನುಷ್ಯರಿಗೆ ಜಾಸ್ತಿಯಾಗಿದ್ದ ವಿಳಾಸ ಆ ಪ್ರೋಗ್ರಾಂಗಳಿಗೆ ಬೇಕೇ ಬೇಕಿತ್ತು. ಬದಲಾವಣೆಯನ್ನು ವಾಪಸ್ ತೆಗೆದರು.

2018ರ ಬದಲಾವಣೆಯಲ್ಲೂ ಒಂದು ಕೊರತೆ ಇತ್ತು. ಹೊರಗಿನಿಂದ ಹಾಕಿಕೊಳ್ಳುವ ಮಾಡ್ಯೂಲ್‌ಗಳಿಗೆ (ಡ್ರೈವರಿನಂಥ ಬಿಡಿ ತುಣುಕುಗಳಿಗೆ) ಅದು ಅನ್ವಯಿಸುತ್ತಿರಲಿಲ್ಲ. ಕೆಲವು ವರ್ಷಗಳ ಮೇಲೆ ಗೆಳೆಯ ಮತ್ತೆ ಫೋನ್ ಮಾಡಿದ. ಬ್ರೌಸಿಂಗ್ ಸೆಂಟರ್ ಹೋಗಿ ಜೆರಾಕ್ಸ್ ಅಂಗಡಿ ಆಗಿತ್ತು, ಕರ್ನಲ್ 5.4 ಆಗಿತ್ತು, ಹೊಸ ವೈಫೈ ಕಡ್ಡಿಗೆ ಹೊರಗಿನ ಡ್ರೈವರನ್ನು ಡಿಕೆಎಂಎಸ್ (ಅಂಥ ಡ್ರೈವರ್ ಕಟ್ಟಿಕೊಡುವ ಪ್ರೋಗ್ರಾಂ) ಮೂಲಕ ಹಾಕಿದ್ದ. ‘ಸ್ಲ್ಯಾಶ್ ವರ್... ಸ್ಲ್ಯಾಶ್ ಲಿಬ್... ಸ್ಲ್ಯಾಶ್ ಡಿಕೆಎಂಎಸ್...’ ಅಂತ ಓದಿದ. ‘ಈ ಸಲ ಆ ಫೋಲ್ಡರ್ ನಿನ್ನ ಪಿಸಿಲೇ ಇರೋದು, ನೋಡು’ ಅಂದೆ. ನೋಡಿದ. ಡಿಕೆಎಂಎಸ್ ಇತ್ತು, ಅದರೊಳಗೆ ಡ್ರೈವರಿನ ಹೆಸರೂ ಇತ್ತು. ಸಂದೇಶ ಹೇಳುತ್ತಿದ್ದ ಬಿಲ್ಡ್ ಫೋಲ್ಡರ್ ಮಾತ್ರ ಇರಲಿಲ್ಲ. ಕಟ್ಟುವ ಕೆಲಸ ಮುಗಿದ ಮೇಲೆ ಡಿಕೆಎಂಎಸ್ ಅದನ್ನು ಗುಡಿಸಿ ಹಾಕಿತ್ತು.