ಆ ದೊಡ್ಡ ಡಬ್ಬದೊಳಗೆ ಬಹುಪಾಲು ಗಾಳಿಯೇ ಇದೆ

ಬಳ್ಳಾರಿಯಿಂದ ಅಕ್ಕನ ಮಗ ಫೋನ್ ಮಾಡಿದ್ದ. ಕಂಪ್ಯೂಟರ್ ಕೊಳ್ಳಬೇಕಂತೆ. ಅವನಿಗೆ ಗೇಮ್ ಆಡುವ ದೊಡ್ಡ ಡೆಸ್ಕ್‌ಟಾಪ್ ಬೇಕು. ಭಾವನಿಗೆ ಜೀನ್ಸ್ ಹೊಲಿಯುವ ಘಟಕದ ಲೆಕ್ಕ, ಟ್ಯಾಲಿ, ಜಿಎಸ್‌ಟಿ ಇಷ್ಟು ನಡೆದರೆ ಸಾಕು. ಅಂಗಡಿಯಲ್ಲಿ ಅವರಿಗೆ ದಪ್ಪ ಪುಸ್ತಕದಷ್ಟೇ ಇರುವ ಒಂದು ಪುಟ್ಟ ಆಫೀಸ್ ಕಂಪ್ಯೂಟರ್ ತೋರಿಸಿದ್ದಾರೆ. ಅದನ್ನು ನೋಡಿ ಭಾವನಿಗೆ ಅನುಮಾನ ಬಂದಿದೆ. "ಇಷ್ಟು ಚಿಕ್ಕದರಲ್ಲಿ ಏನಿರುತ್ತಪ್ಪ? ದುಡ್ಡು ಕೊಟ್ಟ ಮೇಲೆ ನೋಡೋಕಾದರೂ ಸ್ವಲ್ಪ ದೊಡ್ಡದಿರಲಿ" ಅಂದರು.

ಈ ಮಾತು ಎಷ್ಟು ಮನೆಗಳಲ್ಲಿ ದುಡ್ಡು ಹಾಳು ಮಾಡಿದೆಯೋ! ಗಾಜಿನ ಬಾಗಿಲು, ಬಣ್ಣದ ದೀಪ, ಮೊಣಕಾಲೆತ್ತರದ ಕ್ಯಾಬಿನೆಟ್. ತೆಗೆದು ನೋಡಿದರೆ ಒಳಗಿರುವುದು ಸಾಧಾರಣ ಆಫೀಸ್ ಪ್ರೊಸೆಸರ್, ಅಂದರೆ ಲೆಕ್ಕವೆಲ್ಲ ಮಾಡುವ ಚಿಪ್. ನನ್ನ ಗೆಳೆಯರೊಬ್ಬರಿಗೆ ಹೀಗೇ ಆಯಿತು. ಅವರು ಕೊಂಡಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಖಾಲಿ ಜಾಗವೇ ಇತ್ತು.

ಪ್ರೊಸೆಸರ್‌ನ ಸಿಲಿಕಾನ್ ಚೂರು ದೊಡ್ಡ ಯಂತ್ರದಲ್ಲೂ ಸಣ್ಣ ಯಂತ್ರದಲ್ಲೂ ಬೆರಳುಗುರಿನ ಆಸುಪಾಸಿನಷ್ಟೇ ಇರುತ್ತದೆ. ಹಾಗಾದರೆ ಉಳಿದ ಜಾಗ ಯಾತಕ್ಕೆ? ಬಿಸಿಯನ್ನು ಹೊರಗೆ ಸಾಗಿಸೋದಕ್ಕೆ. ಡಬ್ಬದ ಗಾತ್ರ ಬುದ್ಧಿಯ ಅಳತೆಯಲ್ಲ, ಬಿಸಿಯ ಅಳತೆ. ಇದೊಂದು ಗೊತ್ತಾದರೆ ಯಾವುದನ್ನು ಕೊಳ್ಳಬೇಕು ಅನ್ನೋದು ತಾನಾಗಿ ಗೊತ್ತಾಗುತ್ತದೆ.

ಕಂಪ್ಯೂಟರ್ ತಿನ್ನುವ ಕರೆಂಟೆಲ್ಲ ಕೊನೆಗೆ ಬಿಸಿಯೇ ಆಗುತ್ತದೆ. ಹೆಚ್ಚು ಜನ ಇದನ್ನು ನಂಬುವುದಿಲ್ಲ. 500 ವ್ಯಾಟ್ ಎಳೆಯುವ ಗೇಮಿಂಗ್ ಕಂಪ್ಯೂಟರ್ ಕೋಣೆಗೆ ಕೊಡುವ ಬಿಸಿಯೂ 500 ವ್ಯಾಟಿನ ಹೀಟರ್ ಕೊಡುವ ಬಿಸಿಯೂ ಒಂದೇ. ಅದರಲ್ಲೂ ಈ ಬಿಸಿ ಹುಟ್ಟುವ ಜಾಗ ತುಂಬಾ ಸಣ್ಣದು. ಇಸ್ತ್ರಿ ಪೆಟ್ಟಿಗೆ 1000 ವ್ಯಾಟ್ ಅಂತಿಟ್ಟುಕೊಳ್ಳಿ, ಅದರ ತಳ ಸುಮಾರು 200 ಚದರ ಸೆಂಟಿಮೀಟರ್. ಒಂದು ಚದರ ಸೆಂಟಿಮೀಟರಿಗೆ 5 ವ್ಯಾಟ್ ಆಯಿತು. ಇಂಟೆಲ್‌ನ ಐ9-14900ಕೆ ಪ್ರೊಸೆಸರ್ ಪೂರ್ತಿ ದುಡಿಯುವಾಗ 253 ವ್ಯಾಟ್ ತನಕ ಹೋಗುತ್ತದೆ, ಅದೂ ಎರಡೂವರೆ ಚದರ ಸೆಂಟಿಮೀಟರ್ ಜಾಗದಲ್ಲಿ. ಅಂದರೆ ಇಸ್ತ್ರಿ ಪೆಟ್ಟಿಗೆಯ ಇಪ್ಪತ್ತು ಪಟ್ಟು!

ಇಷ್ಟೊಂದು ಬಿಸಿ ಯಾಕೆ ಹುಟ್ಟುತ್ತದೆ ಅನ್ನೋದು ನನಗೆ ತುಂಬಾ ಇಷ್ಟದ ವಿಷಯ. ಬಾವಿಯಿಂದ ನೀರು ಸೇದುವುದನ್ನು ನೆನಪಿಸಿಕೊಳ್ಳಿ. ಚಿಪ್ಪಿನೊಳಗೆ ಸೊನ್ನೆ, ಒಂದು ಅಂತ ಬದಲಾಗುವ ಪುಟ್ಟ ಸ್ವಿಚ್ಚುಗಳಿವೆ, ಅವೇ ಟ್ರಾನ್ಸಿಸ್ಟರುಗಳು. ಪ್ರತಿ ಟ್ರಾನ್ಸಿಸ್ಟರ್ ಮುಂದೆ ಒಂದು ಪುಟ್ಟ ಕೊಡ ಇದೆ ಅಂದುಕೊಳ್ಳಿ. ಸೊನ್ನೆ ಒಂದಾಗಲು ಕೊಡ ತುಂಬಬೇಕು, ಒಂದು ಸೊನ್ನೆಯಾಗಲು ಅದನ್ನು ಚೆಲ್ಲಬೇಕು. ವೋಲ್ಟೇಜ್ ಅಂದರೆ ನೀರನ್ನು ಎಷ್ಟು ಎತ್ತರಕ್ಕೆ ಎಳೆಯುತ್ತೇವೆ ಅನ್ನೋದು. ಆದರೆ ಈ ಕೊಡಕ್ಕೆ ಒಂದು ಗುಣವಿದೆ. ವೋಲ್ಟೇಜ್ ಜಾಸ್ತಿಯಾದಷ್ಟೂ ಅದು ಹಿಡಿಯುವ ನೀರೂ ಜಾಸ್ತಿ. ಎತ್ತರ ದುಪ್ಪಟ್ಟು, ನೀರೂ ದುಪ್ಪಟ್ಟು, ಹಾಗಾಗಿ ಶ್ರಮ ನಾಲ್ಕು ಪಟ್ಟು. ಇನ್ನು ಗಿಗಾಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಸಲ ಸೇದಬೇಕು ಅನ್ನೋ ಲೆಕ್ಕ. ಬೇಗ ಬೇಗ ಸೇದಬೇಕಾದರೆ ಕೊಡ ಬೇಗ ತುಂಬಬೇಕು, ಅದಕ್ಕೆ ವೋಲ್ಟೇಜನ್ನೂ ಏರಿಸಬೇಕಾಗುತ್ತದೆ. ಹೀಗೆ ವೇಗ ಸ್ವಲ್ಪ ಏರಿದರೂ ಬಿಸಿ ಹೆಚ್ಚುಕಡಿಮೆ ಘನದ ಲೆಕ್ಕದಲ್ಲಿ ಏರುತ್ತದೆ.

ಅದನ್ನೇ ತಿರುಗಿಸಿ ನೋಡಿ, ಅಲ್ಲಿದೆ ಮಜಾ. ವೇಗವನ್ನೂ ವೋಲ್ಟೇಜನ್ನೂ ನೂರಕ್ಕೆ 20ರಷ್ಟು ಇಳಿಸಿದರೆ 0.8 × 0.8 × 0.8, ಅಂದರೆ ಬಿಸಿ ಅರ್ಧಕ್ಕೆ ಇಳಿಯಿತು. ಐದರಲ್ಲಿ ಒಂದು ಪಾಲು ವೇಗ ಬಿಟ್ಟರೆ ಅರ್ಧ ಬಿಸಿ ಮಾಯ! ಪುಟ್ಟ ಆಫೀಸ್ ಕಂಪ್ಯೂಟರುಗಳು ಬದುಕಿರುವುದೇ ಈ ಗಣಿತದ ಮೇಲೆ. ಅವುಗಳಲ್ಲಿ ಸಾಮಾನ್ಯವಾಗಿ 35 ವ್ಯಾಟಿನ ಪ್ರೊಸೆಸರ್ ಇರುತ್ತದೆ. 125 ವ್ಯಾಟಿನ ಅಣ್ಣನಿಗಿಂತ ಅದು ನಿಧಾನ ನಿಜ, ಆದರೆ ವ್ಯಾಟ್ ಲೆಕ್ಕ ನೋಡಿ ಹೆದರುವಷ್ಟು ನಿಧಾನವಲ್ಲ.

ಇಲ್ಲಿ ಸ್ವಲ್ಪ ಹಳೆಯ ಕಥೆ ಹೇಳಲೇಬೇಕು. 1974ರಲ್ಲಿ ಐಬಿಎಂನ ರಾಬರ್ಟ್ ಡೆನ್ನಾರ್ಡ್ ಮತ್ತು ಸಂಗಡಿಗರು ಒಂದು ಸೊಗಸಾದ ನಿಯಮ ತೋರಿಸಿಕೊಟ್ಟರು. ಟ್ರಾನ್ಸಿಸ್ಟರನ್ನು ಚಿಕ್ಕದು ಮಾಡುತ್ತಾ ವೋಲ್ಟೇಜನ್ನೂ ಅಷ್ಟೇ ಇಳಿಸುತ್ತಾ ಹೋದರೆ ವೇಗ ಏರುತ್ತದೆ, ಅಷ್ಟೇ ಜಾಗದಲ್ಲಿ ಹುಟ್ಟುವ ಬಿಸಿ ಮಾತ್ರ ಏರುವುದಿಲ್ಲ. ಮೂವತ್ತು ವರ್ಷ ಈ ಹಾದಿಯಲ್ಲಿ ನಡೆದೆವು. 1971ರ ಇಂಟೆಲ್ 4004 ಸೆಕೆಂಡಿಗೆ ಏಳು ಲಕ್ಷದ ನಲವತ್ತು ಸಾವಿರ ಸಲ ಮಿಡಿಯುತ್ತಿತ್ತು. 2004ರ ಪೆಂಟಿಯಂ 4 ಮಿಡಿದದ್ದು 380 ಕೋಟಿ ಸಲ, ಅಂದರೆ ಐದು ಸಾವಿರ ಪಟ್ಟು. ಆಮೇಲೆ ವೋಲ್ಟೇಜ್ ಮೊದಲಿನಂತೆ ಇಳಿಯಲಿಲ್ಲ. ಇನ್ನೂ ಇಳಿಸಿದರೆ ಟ್ರಾನ್ಸಿಸ್ಟರ್ ಸರಿಯಾಗಿ ಮುಚ್ಚದೆ ಕೆಟ್ಟ ನಲ್ಲಿಯ ಹಾಗೆ ಸೋರುತ್ತದೆ. ಇಂಟೆಲ್ 4 ಗಿಗಾಹರ್ಟ್ಸಿನ ಪೆಂಟಿಯಂ 4 ತರುವ ಯೋಚನೆಯನ್ನೇ 2004ರಲ್ಲಿ ಕೈಬಿಟ್ಟಿತು. ಅಲ್ಲಿಂದ 2023ರ ತನಕ ಬಂದರೂ ಮುಟ್ಟಿದ್ದು 6 ಗಿಗಾಹರ್ಟ್ಸ್, ಅಂದರೆ ಸೆಕೆಂಡಿಗೆ 600 ಕೋಟಿ ಸಲ. ಸುಮಾರು ಇಪ್ಪತ್ತು ವರ್ಷದಲ್ಲಿ ದುಪ್ಪಟ್ಟೂ ಆಗಲಿಲ್ಲ! ಬಿಸಿಯ ಗೋಡೆ ಅಂದರೆ ಇದೇ. ಅದಕ್ಕೇ ಒಂದು ಪ್ರೊಸೆಸರಿನಲ್ಲಿ ಒಟ್ಟೊಟ್ಟಿಗೆ ಲೆಕ್ಕ ಮಾಡುವ ನಾಲ್ಕು, ಆರು, ಹದಿನಾರು ಕೋರ್‌ಗಳು ಬಂದವು.

ಹುಟ್ಟಿದ ಬಿಸಿ ಹೊರಗೆ ಹೋಗೋದು ಹೇಗೆ? ರಾಗಿ ಮುದ್ದೆ ಉಂಡವರಿಗೆ ಗೊತ್ತು. ಮೇಲೆ ಆರಿದಂತೆ ಕಂಡರೂ ಒಳಗೆ ನಾಲಿಗೆ ಸುಡುತ್ತದೆ. ಅದೇ ಹಿಟ್ಟು ರೊಟ್ಟಿಯಾದರೆ ಕ್ಷಣದಲ್ಲಿ ಆರುತ್ತದೆ. ಗಾಳಿಗೆ ತಾಗುವ ಮೈ ಜಾಸ್ತಿಯಾದಷ್ಟೂ ಬಿಸಿ ಬೇಗ ಬಿಡುತ್ತದೆ. ಅಜ್ಜಂದಿರು ಕಾಫಿಯನ್ನು ಸಾಸರಿಗೆ ಬಗ್ಗಿಸಿಕೊಂಡು ಕುಡಿಯುತ್ತಿದ್ದುದು ಇದಕ್ಕೇ, ಆನೆಗೆ ಅಷ್ಟಗಲ ಕಿವಿ ಇರುವುದೂ ಇದಕ್ಕೇ. ಪ್ರೊಸೆಸರ್ ಮೇಲೆ ಕೂರಿಸುವ ಅಲ್ಯೂಮಿನಿಯಂ ರೆಕ್ಕೆಗಳು ಅದರ ಆನೆಕಿವಿ. ತೆರೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ನೋಡಿ. ಎನ್‌ವಿಡಿಯಾದ ಆರ್‌ಟಿಎಕ್ಸ್ 4090 ಒಂದು ಅಡಿ ಉದ್ದ, ಎರಡು ಕಿಲೋಗಿಂತ ಜಾಸ್ತಿ ತೂಕ. ಒಳಗಿನ ಚಿಪ್ ಆರು ಚದರ ಸೆಂಟಿಮೀಟರ್ ಮಾತ್ರ. ಮಿಕ್ಕ ತೂಕದ ಬಹುಪಾಲು ಲೋಹದ ರೆಕ್ಕೆ ಮತ್ತು ಫ್ಯಾನು, ಯಾಕೆಂದರೆ ಅದೊಂದೇ 450 ವ್ಯಾಟ್ ಸುಡುತ್ತದೆ.

ಫ್ಯಾನಿನದೂ ಇದೇ ಲೆಕ್ಕ. ಮನೆಯ ಸೀಲಿಂಗ್ ಫ್ಯಾನ್ ನಿಧಾನಕ್ಕೆ ತಿರುಗಿದರೂ ಕೋಣೆಯೆಲ್ಲ ಗಾಳಿ. 120 ಮಿಲಿಮೀಟರಿನ ಫ್ಯಾನ್ 50 ಮಿಲಿಮೀಟರಿನದಕ್ಕಿಂತ ಸುಮಾರು ಆರು ಪಟ್ಟು ಅಗಲ ಜಾಗವನ್ನು ಬೀಸುತ್ತದೆ. ಅಷ್ಟೇ ಗಾಳಿಯನ್ನು ಪುಟ್ಟ ಫ್ಯಾನ್ ತಳ್ಳಬೇಕಾದರೆ ಅದು ಜೋರಾಗಿ ತಿರುಗಿ ಕಿವಿಗೆ ಕೀರಲು ಸದ್ದು ಹೊಡೆಯುತ್ತದೆ. ದೊಡ್ಡ ಡಬ್ಬದ ನಿಜವಾದ ಲಾಭ ಇದು. ಪುಟ್ಟ ಡಬ್ಬಕ್ಕೆ ಭಾರದ ಕೆಲಸ ಕೊಟ್ಟರೆ ಚಿಪ್ 100 ಡಿಗ್ರಿ ಹತ್ತಿರ ಹೋಗಿ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ.

ಬಳ್ಳಾರಿಯಲ್ಲಿ ಇದಕ್ಕೆ ಇನ್ನೂ ಮಹತ್ವವಿದೆ. ಬಿಸಿ ಹರಿಯುವುದು ಚಿಪ್‌ಗೂ ಕೋಣೆಗೂ ಇರುವ ಅಂತರದ ಮೇಲೆ. ಚಿಪ್ 100 ಡಿಗ್ರಿ, ಕೋಣೆ 27 ಡಿಗ್ರಿ ಇದ್ದರೆ ಅಂತರ 73. ಏಪ್ರಿಲ್ ಮಧ್ಯಾಹ್ನ 42 ಡಿಗ್ರಿ ಆದರೆ ಉಳಿದದ್ದು 58. ಅದೇ ಫ್ಯಾನು, ಅದೇ ರೆಕ್ಕೆ, ಆದರೂ ಹೊರಹೋಗುವ ಬಿಸಿ ಐದರಲ್ಲಿ ಒಂದು ಪಾಲು ಕಡಿಮೆ.

ಈಗ ಭಾವನ ಕೆಲಸ ನೋಡೋಣ. ಸೆಕೆಂಡಿಗೆ ಐದು ಅಕ್ಷರ ಒತ್ತಿದರೂ ಅದು ಒಳ್ಳೆಯ ಟೈಪಿಂಗೇ. 4 ಗಿಗಾಹರ್ಟ್ಸ್ ಪ್ರೊಸೆಸರಿಗೆ ಎರಡು ಅಕ್ಷರಗಳ ನಡುವೆ 80 ಕೋಟಿ ಮಿಡಿತ ಬಿಡುವು! ಟ್ಯಾಲಿ, ಕನ್ನಡ ಟೈಪಿಂಗಿನ ನುಡಿ, ಎಕ್ಸೆಲ್ ಓಡುವಾಗ ಅದು ಹೆಚ್ಚು ಹೊತ್ತು ನಿದ್ದೆಯಲ್ಲೇ ಇರುತ್ತದೆ. ನಿದ್ದೆ ಮಾಡುವವನಿಗೆ ಆನೆಕಿವಿ ಯಾಕೆ? 20 ವ್ಯಾಟಿನಂತೆ ದಿನಕ್ಕೆ ಎಂಟು ಗಂಟೆ ನಡೆದರೂ ತಿಂಗಳಿಗೆ ಐದು ಯೂನಿಟ್. ಹುಡುಗನ ಯಂತ್ರ 450 ವ್ಯಾಟಿನಂತೆ ದಿನಾ ನಾಲ್ಕು ಗಂಟೆ ಆಡಿದರೆ 54 ಯೂನಿಟ್. ಮನೆಯಲ್ಲಿ ಗೃಹಜ್ಯೋತಿಯ ಲೆಕ್ಕ ಇಟ್ಟುಕೊಂಡವರಿಗೆ ಇದು ಸಣ್ಣ ಮಾತಲ್ಲ. ಕರೆಂಟ್ ಹೋದಾಗಲೂ ಅಷ್ಟೇ. ಸಾಮಾನ್ಯವಾಗಿ ಸಿಗುವ 600 ವಿಎ ಯುಪಿಎಸ್ ತಡೆಯುವುದು 360 ವ್ಯಾಟ್ ಆಸುಪಾಸು. ಪುಟ್ಟದನ್ನು ಆರಾಮಾಗಿ ನಡೆಸುತ್ತದೆ, ದೊಡ್ಡದು ಆಟದ ಮಧ್ಯೆ ಇದ್ದರೆ ಆರಿಯೇ ಹೋಗುತ್ತದೆ.

ಹಾಗೇ ಒಂದು ತಪ್ಪು ತಿಳಿವಳಿಕೆ. ಕಂಪ್ಯೂಟರಿಗೆ ಕರೆಂಟ್ ಹಂಚುವ 750 ವ್ಯಾಟಿನ ಎಸ್‌ಎಂಪಿಎಸ್ ಹಾಕಿದರೆ ಸದಾ 750 ವ್ಯಾಟ್ ತಿನ್ನುತ್ತದೆ ಅಂತ ಭಾವ ಹೆದರಿದ್ದರು. ಇಲ್ಲ. ಅದು ಕೊಡಬಲ್ಲ ಗರಿಷ್ಠ ಅಷ್ಟು. ಎಳೆಯುವುದು ಕೆಲಸಕ್ಕೆ ಬೇಕಾದಷ್ಟನ್ನೇ.

ಹುಡುಗನ ಆಸೆಯೂ ತಪ್ಪಲ್ಲ. ಗೇಮ್, ವಿಡಿಯೋ ಎಡಿಟಿಂಗ್, ಬ್ಲೆಂಡರ್ ಅನ್ನೋ ತ್ರೀಡಿ ಚಿತ್ರದ ತಂತ್ರಾಂಶ, ಮನೆಯಲ್ಲೇ ಎಐ ಮಾದರಿ ಓಡಿಸುವುದು, ಇವಕ್ಕೆಲ್ಲ ಸಾವಿರಾರು ಪುಟ್ಟ ಕೋರ್‌ಗಳ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು. ಒಂದು ಲೀಟರ್ ಗಾತ್ರದ ಡಬ್ಬದಲ್ಲಿ ಅದು ಹಿಡಿಯುವುದಿಲ್ಲ. "ಈಗ ಪುಟ್ಟದು ತಗೊಂಡು ಆಮೇಲೆ ಕಾರ್ಡ್ ಹಾಕಿಸೋಣ" ಅನ್ನುವ ಯೋಚನೆಯನ್ನು ಈಗಲೇ ಬಿಡಿ. ರ‍್ಯಾಮ್, ಎಸ್‌ಎಸ್‌ಡಿ ಬದಲಿಸಬಹುದು, ಅಷ್ಟೇ.

ಕೊನೆಗೆ ಹೊಲಿಗೆ ಘಟಕಕ್ಕೆ ಬೆಂಗಳೂರಿನ ಎಸ್.ಪಿ. ರೋಡಿನಿಂದ ಒಂದು ಲೀಟರಿನ ಹಳೆಯ ಆಫೀಸ್ ಕಂಪ್ಯೂಟರ್ ಕೊಡಿಸಿದೆ. ಜೀನ್ಸ್ ಬಟ್ಟೆಯ ನಾರಿನ ಧೂಳು ರೆಕ್ಕೆಗಳ ಸಂದಿಯಲ್ಲಿ ಹತ್ತಿಯಂತೆ ಕೂರುತ್ತದೆ, ಎರಡು ತಿಂಗಳಿಗೊಮ್ಮೆ ಬ್ಲೋವರ್ ಹಿಡಿಯಿರಿ ಅಂತ ಭಾವನಿಗೆ ಹೇಳಿದ್ದೇನೆ. ಉಳಿದ ದುಡ್ಡಿಗೆ ಇನ್ನಷ್ಟು ಸೇರಿಸಿ ಹುಡುಗ ಆರು ತಿಂಗಳ ನಂತರ ತನ್ನದನ್ನು ಕಟ್ಟಿಸಿಕೊಂಡ. ಡಬ್ಬದ ಮುಂಭಾಗಕ್ಕೆ ಗಾಜು ಬೇಡ, ಗಾಳಿ ಆಡುವ ಜಾಲರಿ ಇರಲಿ ಅಂದಿದ್ದೆ, ಹಾಗೇ ಮಾಡಿದ್ದಾನೆ. ಮೊನ್ನೆ ರಾತ್ರಿ ಮತ್ತೆ ಫೋನ್ ಬಂತು. ಯಂತ್ರ ನಡೆಯುತ್ತಿರುವಾಗಲೇ ಅಕ್ಕ ಧೂಳಾಗುತ್ತದೆಂದು ಮೇಲೆ ಕಸೂತಿ ಬಟ್ಟೆ ಹೊದಿಸುತ್ತಾಳಂತೆ.

"ಮಾಮ, ಬಟ್ಟೆ ಹಾಕಬೇಡ ಅಂತ ಅಮ್ಮನಿಗೆ ನೀವೇ ಹೇಳಿ. ನಿಮ್ಮ ಮುದ್ದೆ ಕಥೆ ನಾನು ಹೇಳಿದರೆ ಕೇಳೋದಿಲ್ಲ."

ಫೋನ್ ಅಕ್ಕನ ಕೈಗೆ ಕೊಡು ಅಂದೆ.