ಇಎ ಪಾರ್ಟ್ 1: ಒಂದೇ ಮಗು, ಎರಡು ರಿಟರ್ನ್, ಯಾರದ್ದು ನಿಲ್ಲತ್ತೆ?

ಅಮೆರಿಕದ ಇಎ (ಎನ್‌ರೋಲ್ಡ್ ಏಜೆಂಟ್, ಅಂದ್ರೆ ಅಲ್ಲಿನ ತೆರಿಗೆ ಸಲಹೆಗಾರರ ಲೈಸೆನ್ಸ್) ಎಕ್ಸಾಮ್‌ಗೆ ಓದ್ತಿರೋರಿಗೆ ಡಿಪೆಂಡೆಂಟ್ (ತೆರಿಗೆದಾರರನ್ನ ಅವಲಂಬಿಸಿರೋರು) ಚಾಪ್ಟರಲ್ಲಿ ತಲೆ ಕೆಡೋ ಜಾಗ ಇದು. ಅಪ್ಪ ಅಮ್ಮ ಬೇರೆ ಆಗಿದಾರೆ, ಇಬ್ರೂ ಅದೇ ಮಗೂನ ತಮ್ತಮ್ಮ ರಿಟರ್ನಲ್ಲಿ ತೋರ್ಸಿದಾರೆ, ಈಗೇನು? ಬೆಂಗ್ಳೂರಲ್ಲಿ ಕೂತು ಓದೋ ನಮಗೆ ಇಷ್ಟಕ್ಕೆ ಯಾಕಪ್ಪ ಜಗಳ ಅನ್ಸತ್ತೆ, ಆದ್ರೆ ದುಡ್ಡು ನೋಡಿ: 2025ಕ್ಕೆ ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್ ಒಂದು ಮಗುಗೆ 2,200 ಡಾಲರ್‌ವರೆಗೂ ಇದೆ, ಸಿಂಗಲ್ ಬದ್ಲು ಹೆಡ್ ಆಫ್ ಹೌಸ್‌ಹೋಲ್ಡ್ (ಒಂಟಿಯಾಗಿ ಮನೆ ನಡೆಸೋರ ಸ್ಟೇಟಸ್) ಸಿಕ್ರೆ ಸ್ಟ್ಯಾಂಡರ್ಡ್ ಡಿಡಕ್ಷನ್ (ಆದಾಯದಿಂದ ಕಳೆಯೋ ನಿಗದಿತ ಮೊತ್ತ) 15,750 ಇದ್ದಿದ್ದು 23,625 ಆಗತ್ತೆ, ಕಡಿಮೆ ಸಂಬಳದೋರಿಗಿರೋ ಅರ್ನ್ಡ್ ಇನ್‌ಕಮ್ ಕ್ರೆಡಿಟ್ ಅದರ ಮೇಲೆ.

ಐಆರ್‌ಎಸ್ (ಅಮೆರಿಕದ ತೆರಿಗೆ ಇಲಾಖೆ) ಇಲ್ಲಿ ನೋಡೋದು ರಾತ್ರಿ ಲೆಕ್ಕ. ಫೀಸ್ ಯಾರು ಕಟ್ಟಿದ್ರು, ಕೋರ್ಟ್ ಏನು ಹೇಳ್ತು ಅನ್ನೋದೆಲ್ಲ ಆಮೇಲೆ. ವರ್ಷದಲ್ಲಿ ಮಗು ಹೆಚ್ಚು ರಾತ್ರಿ ಯಾರ ಹತ್ರ ಇತ್ತೋ ಅವರೇ ಕಸ್ಟೋಡಿಯಲ್ ಪೇರೆಂಟ್. ಮಗು ಸಮ್ಮರ್ ಕ್ಯಾಂಪಿಗೆ ಹೋಗಿದ್ರೆ ಆ ರಾತ್ರಿ ಮಾಮೂಲಾಗಿ ಯಾರ ಹತ್ರ ಇರ್ಬೇಕಿತ್ತೋ ಅವರ ಖಾತೆಗೆ, ಡಿಸೆಂಬರ್ 31ರ ರಾತ್ರಿ ಹಳೇ ವರ್ಷಕ್ಕೇ ಸೇರತ್ತೆ. ನೈಟ್ ಶಿಫ್ಟ್ ಮಾಡೋ ನರ್ಸ್ ಅಮ್ಮ ಅಂದ್ಕೊಳ್ಳಿ, ಕೆಲ್ಸದಿಂದಾಗಿ ಮಗು ಅವಳ ಹತ್ರ ಹಗಲೇ ಜಾಸ್ತಿ ಇದ್ರೆ ಹಗಲನ್ನೇ ಎಣಿಸ್ತಾರೆ, ಇದು ನಿಜಕ್ಕೂ ನ್ಯಾಯವಾದ ರೂಲ್. ರಾತ್ರಿ ಸಮ ಸಮ ಆದ್ರೆ ಮಾತ್ರ ಎಜಿಐ (ಕೆಲವು ಕಡಿತ ಆದ್ಮೇಲಿನ ಒಟ್ಟು ಆದಾಯ) ಜಾಸ್ತಿ ಇರೋರು ಕಸ್ಟೋಡಿಯಲ್.

ಒಂದು ಲೆಕ್ಕ ಹಾಕೋಣ. ಎಂಟು ವರ್ಷದ ಹುಡುಗಿ, 2025ರಲ್ಲಿ ಅಮ್ಮನ ಹತ್ರ 190 ರಾತ್ರಿ, ಅಪ್ಪನ ಹತ್ರ 175. ಅಮ್ಮನ ಎಜಿಐ 38,000, ಅಪ್ಪನದ್ದು 92,000. 2019ರ ಡಿವೋರ್ಸ್ ಆರ್ಡರಲ್ಲಿ ಬೆಸ ವರ್ಷ ಅಪ್ಪನೇ ಕ್ಲೇಮ್ ಮಾಡ್ಬೇಕು ಅಂತಿದೆ. ಉತ್ತರ ಅಮ್ಮ! ಸುಮಾರು ಜನ ಇಲ್ಲಿ ಟೈಬ್ರೇಕರ್ (ಇಬ್ರಿಗೂ ಅರ್ಹತೆ ಇದ್ದಾಗ ಯಾರಿಗೆ ಅಂತ ತೀರ್ಮಾನಿಸೋ ರೂಲ್) ಅಂತ ಎಜಿಐ ಹಿಡ್ಕೊಂಡು ಕೂರ್ತಾರೆ, 92,000 ಅನ್ನೋದು ಬರೀ ಗಾಳ. ಕ್ವಾಲಿಫೈಯಿಂಗ್ ಚೈಲ್ಡ್ (ಕ್ಲೇಮ್ ಮಾಡೋಕೆ ಅರ್ಹವಾದ ಮಗು) ಆಗೋಕೆ ಅರ್ಧ ವರ್ಷಕ್ಕಿಂತ ಜಾಸ್ತಿ ಜೊತೇಲಿರ್ಬೇಕು, ಅಪ್ಪನಿಗೆ 175 ಸಾಲಲ್ಲ, ಅವನು ರೇಸಲ್ಲೇ ಇಲ್ಲ ಅಂದ್ಮೇಲೆ ಟೈ ಎಲ್ಲಿಂದ ಬಂತು.

ಹಂಗಾದ್ರೆ ಕೋರ್ಟ್ ಆರ್ಡರ್? 2008ರ ನಂತರದ ಆರ್ಡರ್ ಆದ್ರೆ ಅದನ್ನ ರಿಟರ್ನ್ ಜೊತೆ ಲಗತ್ತಿಸಿ ಪ್ರಯೋಜನ ಇಲ್ಲ, ಅಮ್ಮ ತನ್ನ ಕ್ಲೇಮ್ ಬಿಟ್ಕೊಡೋ ಫಾರ್ಮ್ 8332 ಸೈನ್ ಮಾಡಿ ಕೊಡ್ಬೇಕು. ಅವಳು ಕೊಡ್ಲಿಲ್ಲ ಅಂದ್ರೆ ಅಪ್ಪ ಫ್ಯಾಮಿಲಿ ಕೋರ್ಟಿಗೆ ಹೋಗ್ಬೇಕೇ ಹೊರತು ಐಆರ್‌ಎಸ್ ಆ ಪಂಚಾಯ್ತಿಗೆ ತಲೆ ಹಾಕಲ್ಲ. ಅವಳು ಕೊಟ್ರೂ ಎಲ್ಲಾ ಅಪ್ಪನಿಗೆ ಹೋಗಲ್ಲ: ಅವನಿಗೆ ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್ ಸಿಗತ್ತೆ, ಹೆಡ್ ಆಫ್ ಹೌಸ್‌ಹೋಲ್ಡ್, ಅರ್ನ್ಡ್ ಇನ್‌ಕಮ್ ಕ್ರೆಡಿಟ್, ಡೇಕೇರ್ ಖರ್ಚಿನ ಕ್ರೆಡಿಟ್ ಮೂರೂ ಅರ್ಹತೆ ಇದ್ರೆ ಅಮ್ಮನ ಹತ್ರಾನೇ ಉಳಿಯತ್ತೆ. ಇದೊಂದನ್ನ ಕಣ್ಮುಚ್ಚಿ ಹೇಳೋ ಥರ ಓದ್ಕೊಳ್ಳಿ.

ಟೈಬ್ರೇಕರ್ ನಿಜವಾಗ್ಲೂ ಬೇಕಾಗೋದು ಒಂದೇ ಮನೇಲಿ ಇಬ್ರಿಗೆ ಅರ್ಹತೆ ಇದ್ದಾಗ. ಮೂವತ್ತು ವರ್ಷದ ಅಮ್ಮ, ಅಜ್ಜಿ, ಮೊಮ್ಮಗು ಒಟ್ಟಿಗಿದಾರೆ ಅನ್ನಿ, ಇಬ್ರೂ ಕ್ಲೇಮ್ ಮಾಡಿದ್ರೆ ಹೆತ್ತವರಿಗೇ ಮೊದಲ ಹಕ್ಕು, ಅಜ್ಜಿ ಎಷ್ಟೇ ದುಡೀಲಿ. ಅಮ್ಮ ಬಿಟ್ಕೊಟ್ರೆ ಅಜ್ಜಿ ಹಾಕೋಬಹುದು, ಅದೂ ಅಜ್ಜಿ ಎಜಿಐ ಅಮ್ಮನದ್ದಕ್ಕಿಂತ ಜಾಸ್ತಿ ಇದ್ರೆ ಮಾತ್ರ. ಹೆತ್ತವರು ಯಾರೂ ಇಲ್ದಿದ್ರೆ ಎಜಿಐ ಜಾಸ್ತಿ ಇರೋರಿಗೆ.

ಈಗ ಪ್ರಾಕ್ಟಿಕಲ್ ಕಡೆ. ಅಪ್ಪ ಮೊದ್ಲೇ ಫೈಲ್ ಮಾಡ್ಬಿಟ್ಟಿದ್ರೆ ಅಮ್ಮನ ಇ-ಫೈಲ್ ರಿಜೆಕ್ಟ್ ಆಗತ್ತೆ, ಮಗು ಸೋಶಿಯಲ್ ಸೆಕ್ಯುರಿಟಿ ನಂಬರ್ ಆಗ್ಲೇ ಬಳಕೆ ಆಗಿದೆ ಅಂತ. ಮೊದ್ಲು ಫೈಲ್ ಮಾಡ್ದೋರು ಗೆದ್ರು ಅಂತಲ್ಲ! ಮೊದ್ಲೆಲ್ಲ ಪೇಪರ್ ರಿಟರ್ನ್ ಕಳಿಸ್ಬೇಕಿತ್ತು, 2025ರ ಫೈಲಿಂಗ್ ಸೀಸನ್‌ನಿಂದ ಅಮ್ಮ ತನ್ನ ಐಪಿ ಪಿನ್ (ಐಆರ್‌ಎಸ್ ಕೊಡೋ ಗುರುತಿನ ಗುಟ್ಟಿನ ನಂಬರ್) ಹಾಕಿದ್ರೆ ಇ-ಫೈಲೇ ತಗೋತಾರೆ. ಸಾಮಾನ್ಯವಾಗಿ ಆಮೇಲೆ ಇಬ್ರಿಗೂ ಸಿಪಿ 87ಎ ನೋಟಿಸ್ ಹೋಗತ್ತೆ, ಅದೇ ಮಗೂನ ಬೇರೆಯವರೂ ತೋರ್ಸಿದಾರೆ ಅಂತ. ತಪ್ಪು ನಿಮ್ದಾದ್ರೆ 1040-ಎಕ್ಸ್ ಹಾಕಿ ತಿದ್ಕೊಳ್ಳಿ, ನಿಮ್ದು ಸರಿ ಇದ್ರೆ ಉತ್ತರ ಬರೀಬೇಕಾಗೇ ಇಲ್ಲ, ಕಾಗ್ದ ಎತ್ತಿಟ್ಕೊಂಡಿರಿ ಸಾಕು. ಇಬ್ರೂ ಜಗ್ಲಿಲ್ಲ ಅಂದ್ರೆ ಪೋಸ್ಟಲ್ಲಿ ಆಡಿಟ್ ಬರಬಹುದು, ಆಗ ಸ್ಕೂಲ್ ರೆಕಾರ್ಡಲ್ಲಿರೋ ವಿಳಾಸ, ಮಕ್ಕಳ ಡಾಕ್ಟರ್ ಲೆಟರ್‌ಹೆಡ್ಡಲ್ಲಿ ಬರೆದ ಪತ್ರ, ಡೇಕೇರ್ ದಾಖಲೆ ಇಂಥವೇ ಕೆಲ್ಸಕ್ಕೆ ಬರೋದು, ತಾರೀಕು, ವಿಳಾಸ ಎರಡೂ ಕಾಣೋ ಹಾಗೆ. ಅದಕ್ಕೂ ಒಪ್ಲಿಲ್ಲ ಅಂದ್ರೆ ಡೆಫಿಶಿಯನ್ಸಿ ನೋಟಿಸ್ (ಇಷ್ಟು ತೆರಿಗೆ ಬಾಕಿ ಅಂತ), ಅದರಿಂದ ಸಾಮಾನ್ಯವಾಗಿ 90 ದಿನದೊಳಗೆ ಟ್ಯಾಕ್ಸ್ ಕೋರ್ಟ್.

ಸೋತೋರಿಗೆ ತೆರಿಗೆ ಬಡ್ಡಿ ಅಷ್ಟೇ ಅಲ್ಲ, ಬೇಜವಾಬ್ದಾರಿಯಿಂದ ಕ್ಲೇಮ್ ಮಾಡಿದ್ದು ಅಂತಾದ್ರೆ ಚೈಲ್ಡ್ ಟ್ಯಾಕ್ಸ್, ಅರ್ನ್ಡ್ ಇನ್‌ಕಮ್ ಕ್ರೆಡಿಟ್‌ಗಳಿಗೆ 2 ವರ್ಷ ಬ್ಯಾನ್, ಮೋಸ ಅಂತಾದ್ರೆ 10 ವರ್ಷ, ಮತ್ತೆ ಕೇಳೋವಾಗ ಫಾರ್ಮ್ 8862. ರಿಟರ್ನ್ ತಯಾರು ಮಾಡಿಕೊಡೋ ನಮ್ಮ ತಲೆ ಮೇಲೆ ಫಾರ್ಮ್ 8867 (ಸರಿಯಾಗಿ ವಿಚಾರಿಸಿದೀವಿ ಅನ್ನೋ ಚೆಕ್‌ಲಿಸ್ಟ್) ಇರತ್ತೆ, ಕ್ಲೈಂಟ್ ಹೇಳಿದ್ದು ಅನುಮಾನ ಬರೋ ಹಾಗಿದ್ರೂ ವಿಚಾರಿಸ್ದೆ ಹಾಕಿದ್ರೆ ದಂಡ ನಮಗೇ.