ವರ್ಕ್-ಲೈಫ್ ಬೌಂಡರಿ: ಶಟರ್ ಎಳೆದ ಮೇಲೂ ಮುಗಿಯದ ಅಂಗಡಿ

ವರ್ಕ್-ಲೈಫ್ ಬೌಂಡರಿ ಎಂದರೆ, ಕೆಲಸ ನಿಮ್ಮ ಉಳಿದ ಬದುಕಿನೊಳಗೆ ಯಾವಾಗ, ಎಲ್ಲಿ, ಯಾರ ಮೂಲಕ ಬರಬಹುದು ಎಂದು ಮೊದಲೇ ಮಾಡಿಕೊಂಡ ತೀರ್ಮಾನ. ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಮನೆಯ ಕೆಲಸ, ಮನೆಯ ಖರ್ಚು, ಮನೆಯವರ ಕರೆ ವ್ಯಾಪಾರದೊಳಗೆ ಎಷ್ಟು ಬರಬಹುದು ಎಂಬುದೂ ಬೌಂಡರಿಯೇ. ಸ್ವಂತ ಅಂಗಡಿ, ಸ್ವಂತ ವರ್ಕ್‌ಶಾಪ್ ನಡೆಸುವವರನ್ನು ಈ ಎರಡನೇ ಮಗ್ಗುಲು ಮೊದಲನೆಯದರಷ್ಟೇ ಕಾಡುತ್ತದೆ.

ಈ ವಿವರಣೆಯಲ್ಲಿ ‘ಮೊದಲೇ’ ಎಂಬುದನ್ನು ಬಿಡಬೇಡಿ. ರಾತ್ರಿ ಹತ್ತೂವರೆಗೆ ಫೋನ್ ಬಡಿದುಕೊಳ್ಳುತ್ತದೆ. ಎತ್ತಲೋ ಬೇಡವೋ ಎಂದು ಒದ್ದಾಡಿ ಕೊನೆಗೆ ಬಿಡುತ್ತೀರಿ. ಫೋನ್ ಎತ್ತಲಿಲ್ಲ ನಿಜ, ನಿದ್ದೆಯೂ ಬರಲಿಲ್ಲ. ಆ ಹೊತ್ತಿನಲ್ಲಿ ಯಾರ ಫೋನ್ ಎತ್ತುತ್ತೀರಿ, ಯಾರದ್ದು ಬೆಳಿಗ್ಗೆವರೆಗೆ ಕಾಯಬಹುದು ಎಂಬುದು ಹಗಲಲ್ಲೇ ನಿಮಗೂ ಅವರಿಗೂ ಗೊತ್ತಿದ್ದರೆ ಅದನ್ನು ಬೌಂಡರಿ ಅನ್ನಬಹುದು.

ವರ್ಕ್-ಲೈಫ್ ಬ್ಯಾಲೆನ್ಸ್ ಎಂಬ ಪದದ ಜೊತೆ ಇದನ್ನು ಕಲಸಿಬಿಡುವವರೇ ಜಾಸ್ತಿ. ಬ್ಯಾಲೆನ್ಸ್ ಗಂಟೆಗಳ ಲೆಕ್ಕ. 2023ರಲ್ಲಿ ಇನ್ಫೋಸಿಸ್‌ನ ನಾರಾಯಣ ಮೂರ್ತಿ ಅವರು ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕು ಎಂದಾಗ ದೇಶವೆಲ್ಲ ವಾದ ಮಾಡಿತು. ತುಮಕೂರಿನ ಮಂಡಿಪೇಟೆಯಲ್ಲಿ ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆಗೆದು ರಾತ್ರಿ ಒಂಬತ್ತಕ್ಕೆ ಹಾಕುವವರಿಗೆ ಆರು ದಿನಕ್ಕೇ 78 ಗಂಟೆ ಆಗುತ್ತದೆ. ಆ ವಾದ ಅವರಿಗೆ ತಮಾಷೆಯಾಗಿ ಕೇಳಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಅಷ್ಟು ದುಡಿದೂ ಗಟ್ಟಿಯಾದ ಬೌಂಡರಿ ಇಟ್ಟುಕೊಂಡವರು ಇರುತ್ತಾರೆ. ದಿನಕ್ಕೆ ಆರು ಗಂಟೆ ಮಾತ್ರ ಕೂತು ಕೆಲಸ ಮಾಡಿ, ಊಟ, ಸ್ನಾನ, ನಿದ್ದೆ ಎಲ್ಲದರೊಳಗೂ ಬಾಕಿ ಪಟ್ಟಿ ಹೊತ್ತುಕೊಂಡು ತಿರುಗುವವರೂ ಇರುತ್ತಾರೆ.

ಈ ವಿಷಯವನ್ನು ಸಂಶೋಧಕರು ಬಿಡಿಸಿ ನೋಡಿದ್ದಾರೆ. ಅಮೆರಿಕದ ಸಮಾಜಶಾಸ್ತ್ರಜ್ಞೆ ಕ್ರಿಸ್ಟೀನಾ ನಿಪರ್ಟ್-ಎಂಗ್ 1996ರಲ್ಲಿ ಇದನ್ನು ತೀರಾ ಸಣ್ಣ ವಸ್ತುಗಳಲ್ಲಿ ಹುಡುಕಿದರು. ಮನೆಯ ಬೀಗದ ಕೈ, ಕೆಲಸದ ಜಾಗದ ಬೀಗದ ಕೈ ಒಂದೇ ಗೊಂಚಲಲ್ಲಿ ಇವೆಯಾ, ಬೇರೆ ಬೇರೆಯಾ? ಒಂದೇ ಕ್ಯಾಲೆಂಡರಾ, ಎರಡಾ? ಇಂಥ ಪ್ರಶ್ನೆಗಳಿಂದ ಅವರು ಎರಡು ಸ್ವಭಾವ ಗುರುತಿಸಿದರು: ಎರಡನ್ನೂ ದೂರ ದೂರ ಇಡುವವರು, ಎರಡನ್ನೂ ಬೆರೆಸಿಕೊಂಡು ನಡೆಯುವವರು. ನಮ್ಮಲ್ಲಿ ಹೆಚ್ಚಿನವರು ಈ ಎರಡರ ನಡುವೆ ಎಲ್ಲೋ ಇರುತ್ತೇವೆ. 2000ದಲ್ಲಿ ಸೂ ಕ್ಯಾಂಪ್‌ಬೆಲ್ ಕ್ಲಾರ್ಕ್ ಎಂಬ ಸಂಶೋಧಕಿ ಇನ್ನೂ ಮುಂದೆ ಹೋಗಿ, ಈ ಬೌಂಡರಿ, ಅಂದರೆ ಗಡಿ, ಮೂರು ಥರದ್ದು ಎಂದರು: ಜಾಗದ್ದು, ಸಮಯದ್ದು, ಮನಸ್ಸಿನದ್ದು. ಪ್ರತಿ ಗಡಿಗೂ ಕಾವಲುಗಾರರು ಇರುತ್ತಾರೆ ಎಂದೂ ಹೇಳಿದರು. ಕೆಲಸದ ಕಡೆ ಬಾಸ್, ಮನೆಯ ಕಡೆ ಗಂಡ ಅಥವಾ ಹೆಂಡತಿ.

ಗಡಿ ಅಂದ ತಕ್ಷಣ ಗೋಡೆ ಅಂದುಕೊಳ್ಳಬಾರದು. ಕೆರೆ ನೋಡಿ ಬೆಳೆದ ತುಮಕೂರು ಸೀಮೆಯವರಿಗೆ ಇದನ್ನು ಹೇಳುವುದು ಸುಲಭ. ಏರಿ ಇರುವುದು ನೀರು ನಿಲ್ಲಿಸಲು, ಆದರೆ ಏರಿಯ ಜೊತೆ ತೂಬೂ ಇರುತ್ತದೆ. ತೂಬು ಯಾವಾಗ ಎತ್ತಬೇಕು, ಎಷ್ಟು ಹೊತ್ತು ಬಿಡಬೇಕು ಎಂದು ನೋಡಿಕೊಳ್ಳಲು ನೀರುಗಂಟಿ ಇರುತ್ತಾನೆ. ತೂಬಿಲ್ಲದ ಕೆರೆಯಿಂದ ಗದ್ದೆಗೆ ಉಪಯೋಗವಿಲ್ಲ, ಏರಿ ಒಡೆದ ಕೆರೆಯಿಂದಲೂ ಇಲ್ಲ.

ನೌಕರಿಯಲ್ಲಿ ಇರುವವರಿಗೆ ಈ ಕಾವಲು ಕೆಲಸವನ್ನು ಸ್ವಲ್ಪ ಮಟ್ಟಿಗೆ ಕಾನೂನು ಮಾಡುತ್ತದೆ. ಅಂಗಡಿ, ಆಫೀಸುಗಳಿಗೆ ಅನ್ವಯಿಸುವ 1961ರ ಕರ್ನಾಟಕ ಕಾಯ್ದೆಯಲ್ಲಿ ನೌಕರರ ಕೆಲಸದ ಗಂಟೆಗೆ ಮಿತಿ ಇದೆ, ವಾರದ ರಜೆಯೂ ಇದೆ. ಫ್ರಾನ್ಸ್‌ನಲ್ಲಿ 2017ರ ಜನವರಿಯಿಂದ, ಡ್ಯೂಟಿ ಮುಗಿದ ಮೇಲೆ ಮೇಲ್, ಫೋನ್ ನೋಡದೆ ಇರುವ ಹಕ್ಕು ಕಾನೂನಿನಲ್ಲಿ ಸೇರಿದೆ. 2018ರಲ್ಲಿ ಸಂಸದೆ ಸುಪ್ರಿಯಾ ಸುಳೆ ನಮ್ಮ ಲೋಕಸಭೆಯಲ್ಲೂ ಇಂಥದ್ದೊಂದು ಖಾಸಗಿ ಮಸೂದೆ ತಂದಿದ್ದರು, ಅದು ಕಾಯ್ದೆಯಾಗಲಿಲ್ಲ. ಇವೆಲ್ಲ ಕೆಲಸಕ್ಕೆ ಇರುವವರನ್ನು ಕೆಲಸ ಕೊಡುವವರಿಂದ ಕಾಪಾಡುವ ವ್ಯವಸ್ಥೆಗಳು. ಮಾಲೀಕರೇ ಆದವರು ಯಾರ ಮೇಲೆ ದೂರು ಕೊಡಬೇಕು? ಬಾಸ್ ಅವರೇ, ಆಳೂ ಅವರೇ.

ಮೊದಲೆಲ್ಲ ಈ ಕಾವಲು ಶಟರ್‌ನದ್ದೇ ಆಗಿತ್ತು. ಪೇಟೆಯ ಹಳೇ ಬೀದಿಗಳಲ್ಲಿ ಮುಂದೆ ಅಂಗಡಿ, ಹಿಂದೆಯೋ ಮೇಲೆಯೋ ಮನೆ. ಜಾಗದ ಗಡಿ ಇರಲೇ ಇಲ್ಲ, ಆದರೂ ಶಟರ್ ಎಳೆದು ಬೀಗ ಹಾಕಿದ ಸದ್ದು ಬೀದಿಗೆಲ್ಲ ಕೇಳಿಸುತ್ತಿತ್ತು. ಆಮೇಲೆ ಬಂದು ಬಾಗಿಲು ತಟ್ಟಲು ಗಿರಾಕಿಗೂ ಸಂಕೋಚ. ವಾಟ್ಸ್ಆ್ಯಪ್‌ಗೆ ಆ ಸಂಕೋಚ ಇಲ್ಲ. “ಅಣ್ಣಾ, ಮಲಗಿಬಿಟ್ರಾ?” ಎಂದು ಹನ್ನೊಂದು ಗಂಟೆಗೆ ಒಂದು ಮೆಸೇಜ್. ಪಕ್ಕದಲ್ಲಿ ಎರಡು ನೀಲಿ ಗೆರೆ ಬಿದ್ದರೆ ಮುಗಿಯಿತು, ನೀವು ಎದ್ದಿದ್ದೀರಿ ಎಂಬುದಕ್ಕೆ ಸಾಕ್ಷಿ ಸಿಕ್ಕಿತು.

ಇನ್ನೂ ಒಂದು ಥರದ ಗಡಿ ಇದೆ. ವಿದೇಶದ ಬರಹಗಳಲ್ಲಿ ಇದರ ಮಾತು ಕಡಿಮೆ, ನಮ್ಮ ಊರುಗಳಲ್ಲಿ ಇದೇ ದೊಡ್ಡದು: ಸಂಬಂಧದ ಗಡಿ. ತುಮಕೂರಿನಂಥ ಊರಿನಲ್ಲಿ ಗಿರಾಕಿ ಎಂದರೆ ಬರೀ ಗಿರಾಕಿ ಅಲ್ಲ. ಮಗಳ ಸ್ಕೂಲಿನ ಮೇಷ್ಟ್ರು, ಬೀಗರ ಕಡೆಯವರು, ಹಳ್ಳಿಯ ಪಕ್ಕದ ಜಮೀನಿನವರು. ಸಾಲ ಕೊಟ್ಟವರೂ ಹೀಗೇ, ಬಾಕಿ ಉಳಿಸಿಕೊಂಡವರೂ ಹೀಗೇ. ಸಂಜೆ ಅಮಾನಿಕೆರೆ ಪಾರ್ಕಿನಲ್ಲಿ ನಾಲ್ಕು ಹೆಜ್ಜೆ ಹಾಕೋಣ ಎಂದು ಹೋದರೆ ಎದುರಿಗೆ ಬರುವವರು ಅವರೇ. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗಲೇ, “ನಮ್ದೊಂದು ಆರ್ಡರ್ ಇತ್ತಲ್ಲ, ಏನಾಯ್ತು?” ಅಂತ ಶುರು. ಆ ಜಾಗದಲ್ಲಿ ‘ಇದು ನನ್ನ ಖಾಸಗಿ ಸಮಯ’ ಎಂದು ಹೇಳುವುದು ಯಾವ ಪುಸ್ತಕದ ಸಲಹೆಯಾದರೂ ನಮ್ಮ ನಾಲಿಗೆಗೆ ಬರುವುದಿಲ್ಲ, ಬಂದರೂ ಒರಟಾಗಿ ಕೇಳುತ್ತದೆ. “ನೆನಪಿದೆ ಸರ್. ಬಿಲ್ ಬುಕ್ಕು ಅಂಗಡೀಲಿದೆ, ನಾಳೆ ಹನ್ನೊಂದಕ್ಕೆ ನಾನೇ ಫೋನ್ ಮಾಡ್ತೀನಿ. ಮೊದಲು ಹೋಳಿಗೆ ತಿನ್ನಿ” ಎಂದರೆ ಗಡಿಯೂ ಉಳಿಯಿತು, ಮಾನವೂ ಉಳಿಯಿತು. ಮರುದಿನ ಹನ್ನೊಂದಕ್ಕೆ ಫೋನ್ ಮಾಡಲೇಬೇಕು, ಅಷ್ಟೇ. ಒಂದು ಸಲ ತಪ್ಪಿದರೆ ಮುಂದಿನ ಮದುವೆಯಲ್ಲಿ ಅವರು ನಿಮ್ಮನ್ನು ಬಿಡುವುದಿಲ್ಲ, ಅದು ಅವರ ತಪ್ಪೂ ಅಲ್ಲ.

ಮನಸ್ಸಿನ ಗಡಿಗೆ ಬರೋಣ. ಜರ್ಮನಿಯ ಮನೋವಿಜ್ಞಾನಿ ಸಬೀನ್ ಸೊನ್ನೆನ್‌ಟಾಗ್ ಬಹಳ ವರ್ಷ ಅಧ್ಯಯನ ಮಾಡಿರುವುದು ಇದನ್ನೇ. ಕೆಲಸದಿಂದ ದೇಹ ಎದ್ದು ಬಂದರೆ ಸಾಲದು, ತಲೆಯೂ ಎದ್ದು ಬರಬೇಕು. ಆಗಲೇ ದಣಿವು ಆರುವುದು. ತಲೆ ಯಾಕೆ ಅಲ್ಲೇ ಉಳಿಯುತ್ತದೆ? ಅರ್ಧಕ್ಕೆ ಬಿಟ್ಟ ಕೆಲಸ ಗಮನದ ಒಂದು ಪಾಲನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂದು ಸೋಫೀ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ತೋರಿಸಿದರು. ಅಂತರಸನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಎರಡು ಲೇತ್ ಇಟ್ಟುಕೊಂಡು ಜಾಬ್ ವರ್ಕ್ ಮಾಡುವವರನ್ನು ನೆನೆಸಿಕೊಳ್ಳಿ. ಒಂದು ಲಾಟ್ ಅರ್ಧ ಆಗಿದೆ, ಟೂಲ್ ಸವೆದಿದೆ, ಪಾರ್ಟಿಯಿಂದ ದುಡ್ಡು ಬಂದಿಲ್ಲ. ಮನೆಗೆ ಬಂದು ಮಗನ ಲೆಕ್ಕದ ಹೋಂವರ್ಕ್ ನೋಡುತ್ತಿದ್ದರೂ ಕಣ್ಣ ಮುಂದೆ ಓಡುವುದು ಆ ಲಾಟೇ. ಲೆರಾಯ್ ಅವರೇ ಮುಂದೆ ಮಾಡಿದ ಸಂಶೋಧನೆಯಲ್ಲಿ ಇದಕ್ಕೊಂದು ಸರಳ ಉಪಾಯ ಸಿಕ್ಕಿದೆ. ಎದ್ದು ಹೋಗುವ ಮುಂಚೆ, ಎಲ್ಲಿಗೆ ನಿಲ್ಲಿಸಿದೆ, ಬಂದ ಮೇಲೆ ಮೊದಲು ಏನು ಮಾಡಬೇಕು ಎಂದು ಒಂದೆರಡು ನಿಮಿಷ ಬರೆದಿಟ್ಟರೆ ತಲೆ ಆ ಕೆಲಸವನ್ನು ಬೇಗ ಬಿಟ್ಟುಕೊಡುತ್ತದೆ. ನನಗೆ ಕೇಳಿದರೆ ಶಟರ್ ಎಳೆಯುವ ಮುಂಚಿನ ಈ ನಾಲ್ಕು ಸಾಲು, ಬೆಳಿಗ್ಗೆ ಐದಕ್ಕೆ ಏಳುವ ಎಲ್ಲ ಯಶಸ್ಸಿನ ಸೂತ್ರಗಳಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಇದು ಬರೀ ನೆಮ್ಮದಿಯ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆ ಮತ್ತು ಅದಕ್ಕೂ ಹೆಚ್ಚು ದುಡಿಯುವವರಿಗೆ ಸ್ಟ್ರೋಕ್ ಆಗುವ ಅಪಾಯ ಸುಮಾರು ಶೇ. 35 ಹೆಚ್ಚು, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ. 17 ಹೆಚ್ಚು. ಮೇಲಿನ 78 ಗಂಟೆಯನ್ನು ಇದರ ಪಕ್ಕ ಇಟ್ಟು ನೋಡಿ.

ಹಾಗಂತ ವರ್ಷಪೂರ್ತಿ ಒಂದೇ ಟೈಮ್‌ಟೇಬಲ್ ಇರಬೇಕು ಎಂದಲ್ಲ. ಜೂನ್ ಬಂದರೆ ಪುಸ್ತಕ, ಯೂನಿಫಾರ್ಮ್ ಮಾರುವವರಿಗೆ ಉಸಿರಾಡಲು ಪುರುಸೊತ್ತಿಲ್ಲ. ವರಮಹಾಲಕ್ಷ್ಮಿ ಹಬ್ಬದ ವಾರ ಹೂವಿನವರಿಗೆ ರಾತ್ರಿ ಹಗಲು ಒಂದೇ. ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುವವರಿಗೆ ಹರಾಜಿನ ದಿನವೇ ಬೇರೆ, ಉಳಿದ ದಿನವೇ ಬೇರೆ. ತಿಂಗಳು ತಿಂಗಳು ಜಿಎಸ್‌ಟಿ ರಿಟರ್ನ್ ಹಾಕುವವರಿಗೆ 11 ಮತ್ತು 20ನೇ ತಾರೀಕಿನ ಹಿಂದಿನ ದಿನಗಳು ಹೇಗಿರುತ್ತವೆ ಎಂದು ಅವರ ಮನೆಯವರಿಗೇ ಗೊತ್ತು. ಇಂಥ ದಿನಗಳಲ್ಲಿ ಗಡಿ ಹಿಗ್ಗಲಿ. “ಇನ್ನು ಹತ್ತು ದಿನ ನನ್ನ ಕೇಳಬೇಡಿ, ಹನ್ನೊಂದನೇ ದಿನ ನಾನೇ ಮಕ್ಕಳನ್ನ ದೇವರಾಯನದುರ್ಗಕ್ಕೆ ಕರ್ಕೊಂಡು ಹೋಗ್ತೀನಿ” ಎಂದು ಮನೆಯಲ್ಲಿ ಮೊದಲೇ ಹೇಳಿರಬೇಕು. ಮುಗಿಯುವ ತಾರೀಕು ಇಲ್ಲದ ಸೀಸನ್ ಸೀಸನ್ ಅಲ್ಲ.

ಉಪಕರಣಗಳ ವಿಷಯ ಚಿಕ್ಕದು. ವ್ಯಾಪಾರಕ್ಕೆ ಬೇರೆ ಸಿಮ್, ಅದರಲ್ಲಿ ವಾಟ್ಸ್ಆ್ಯಪ್ ಬಿಸಿನೆಸ್. ಅಂಗಡಿಯ ಸಮಯ ಹಾಕಿಟ್ಟರೆ, ಆ ಸಮಯ ಮೀರಿ ಬಂದ ಮೆಸೇಜ್‌ಗೆ ತಾನಾಗಿಯೇ ಉತ್ತರ ಹೋಗುವ ಸೌಲಭ್ಯ ಅದರಲ್ಲಿದೆ. ಅಲ್ಲಿ ‘ಈಗ ಲಭ್ಯವಿಲ್ಲ’ ಎಂದಷ್ಟೇ ಹಾಕಿದರೆ ಗಿರಾಕಿ ಪಕ್ಕದ ಅಂಗಡಿಗೆ ಮೆಸೇಜ್ ಮಾಡುತ್ತಾರೆ. ‘ಬೆಳಿಗ್ಗೆ 9ಕ್ಕೆ ಎಲ್ಲಕ್ಕಿಂತ ಮೊದಲು ನಿಮ್ಮದೇ ನೋಡುತ್ತೇನೆ. ಮಾಲು ರಸ್ತೆಯಲ್ಲಿ ನಿಂತಿದ್ದರೆ ಮಾತ್ರ ಈ ನಂಬರಿಗೆ ಫೋನ್ ಮಾಡಿ’ ಎಂದು ಹಾಕಿ. ಅರ್ಜೆಂಟ್ ಎಂದರೆ ಏನು ಎಂಬುದನ್ನು ನೀವೇ ಹೇಳದಿದ್ದರೆ ಎಲ್ಲರದ್ದೂ ಅರ್ಜೆಂಟೇ. ಕೊಟ್ಟ ನಂಬರ್ ನಿಮ್ಮದೇ ಆಗಬೇಕಿಲ್ಲ, ನಂಬಿಕೆಯ ಹುಡುಗನೊಬ್ಬ ವಾರಕ್ಕೆರಡು ರಾತ್ರಿ ಅದನ್ನು ನೋಡಿಕೊಳ್ಳಬಹುದು, ಅದಕ್ಕೆ ಸಂಬಳದಲ್ಲಿ ಸ್ವಲ್ಪ ಸೇರಿಸಿ. ನಿಮ್ಮ ರಾತ್ರಿ ಉಳಿಸಲು ಅವನ ರಾತ್ರಿ ಪುಕ್ಕಟೆ ತಿನ್ನುವುದು ಸರಿಯಲ್ಲ.

ದುಡ್ಡಿಗೂ ಗಡಿ ಬೇಕು, ಇದನ್ನು ಮರೆಯುವವರೇ ಹೆಚ್ಚು. ಗಲ್ಲಾಪೆಟ್ಟಿಗೆಯಿಂದಲೇ ತರಕಾರಿ, ಅಲ್ಲಿಂದಲೇ ಸ್ಕೂಲ್ ಫೀಸು, ಅಲ್ಲಿಂದಲೇ ಗ್ಯಾಸ್. ತಿಂಗಳ ಕೊನೆಗೆ ವ್ಯಾಪಾರದಲ್ಲಿ ಲಾಭವೋ ನಷ್ಟವೋ ಯಾರಿಗೂ ಗೊತ್ತಾಗುವುದಿಲ್ಲ. ಮನೆಯಲ್ಲಿ ಯಾವ ಖರ್ಚಿನ ಮಾತು ಬಂದರೂ ಅದು ವ್ಯಾಪಾರದ ಮಾತೇ ಆಗಿಬಿಡುತ್ತದೆ. ಲೆಕ್ಕಪತ್ರದಲ್ಲಿ ಡ್ರಾಯಿಂಗ್ಸ್ ಎನ್ನುತ್ತಾರಲ್ಲ, ಮಾಲೀಕರು ಮನೆಗೆಂದು ತೆಗೆದುಕೊಳ್ಳುವ ಹಣ, ಅದನ್ನು ತಿಂಗಳಿಗೆ ಇಷ್ಟು ಎಂದು ಗೊತ್ತು ಮಾಡಿ ಒಂದೇ ತಾರೀಕಿಗೆ ಮನೆಯ ಖಾತೆಗೆ ಹಾಕುವುದು ಈ ಗಡಿಯ ಮೊದಲ ಹೆಜ್ಜೆ. ಕಡಿಮೆ ಮೊತ್ತವಾದರೂ ಪರವಾಗಿಲ್ಲ, ಗೊತ್ತಾದ ಮೊತ್ತವಾಗಿರಲಿ.

ಇಲ್ಲಿಯವರೆಗೆ ಹೇಳಿದ್ದೆಲ್ಲ, ಅಂಗಡಿ ಮುಚ್ಚಿ ಮನೆಗೆ ಬಂದರೆ ಬಿಸಿ ಅಡುಗೆ ಕಾದಿರುತ್ತದೆ ಎಂದುಕೊಂಡು ಹೇಳಿದ್ದು. ಮನೆಯಿಂದಲೇ ವ್ಯಾಪಾರ ಮಾಡುವ ಹೆಂಗಸರ ಕಥೆ ಬೇರೆ. ಎಸ್.ಎಸ್. ಪುರಂನ ಮನೆಯಲ್ಲಿ ಕೇಕ್ ಮಾಡಿ ಮಾರುವವರು, ಕ್ಯಾತ್ಸಂದ್ರದಲ್ಲಿ ಬ್ಲೌಸ್ ಹೊಲಿಯುವವರು, ಇವರಿಗೆಲ್ಲ ಗಡಿ ದಾಟಿ ಬರುವುದು ಕೆಲಸಕ್ಕಿಂತ ಹೆಚ್ಚಾಗಿ ಮನೆ. “ಮನೇಲೇ ಇರ್ತೀಯಲ್ಲ, ಸಿಲಿಂಡರ್ ಬಂದ್ರೆ ತಗೋ”, “ಮನೇಲೇ ಇರ್ತೀಯಲ್ಲ, ಅತ್ತೇನ ಆಸ್ಪತ್ರೆಗೆ ಕರ್ಕೊಂಡು ಹೋಗು.” ಓವನ್‌ನಲ್ಲಿ ಕೇಕ್ ಇಟ್ಟು ಸಿಲಿಂಡರ್‌ಗೆ ಕಾಯುವವರಿಗೆ ವಾಟ್ಸ್ಆ್ಯಪ್‌ನ ಸಮಯ ಹಾಕಿದರೆ ಏನೂ ಬದಲಾಗದು. ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಅಡುಗೆಮನೆ ಆರ್ಡರ್‌ಗೆ ಮಾತ್ರ, ಆಗ ಸಿಲಿಂಡರ್, ಆಸ್ಪತ್ರೆ, ಕೊರಿಯರ್ ಬೇರೆಯವರ ಪಾಲಿಗೆ ಎಂದು ಗಂಡನ ಜೊತೆ, ಅತ್ತೆಯ ಜೊತೆ ಕೂತು ಮಾತಾಡಿಕೊಳ್ಳಬೇಕು. ಗಿರಾಕಿಗೆ ಮೆಸೇಜ್ ಹಾಕುವುದಕ್ಕಿಂತ ಈ ಮಾತುಕತೆ ಕಷ್ಟ. ಇದು ಆಗದಿದ್ದರೆ, ಗಿರಾಕಿಗಳಿಂದ ಉಳಿಸಿಕೊಂಡ ಸಂಜೆಯೆಲ್ಲ ಪಾತ್ರೆ ತೊಳೆಯುವುದಕ್ಕೇ ಹೋಗುತ್ತದೆ.